ಈಯುವ ಎಮ್ಮೆಗೆ ಬೈಪಾಸ್ ಕೊಬ್ಬು: ಕೊಟ್ಟ ಹಣಕ್ಕೆ ಸಿಗುವುದೇನು?

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಪಶು ಔಷಧಿ ಅಂಗಡಿಗಳಲ್ಲಿ ಈಗ ಎಮ್ಮೆಗೆ ಶಕ್ತಿ ಕೊಡುವ ಪುಡಿ, ದ್ರಾವಣ, ಜೆಲ್‌ಗಳು ಸಾಲುಸಾಲಾಗಿ ಸಿಗುತ್ತವೆ. ಹೆಚ್ಚಿನ ಚೀಲಗಳ ಮೇಲೆ ಕೆಚ್ಚಲು ತುಂಬಿದ ಮುರ್ರಾ ಎಮ್ಮೆಯ ಚಿತ್ರವಿರುತ್ತದೆ. ಹಾಲು ಹೆಚ್ಚುತ್ತದೆ, ಫ್ಯಾಟ್ ಏರುತ್ತದೆ, ಎಮ್ಮೆ ಬೇಗ ಬೆದೆಗೆ ಬರುತ್ತದೆ ಎಂಬ ಮೂರು ಭರವಸೆಗಳೂ ಒಂದೇ ಸಾಲಿನಲ್ಲಿ ಅಚ್ಚಾಗಿರುತ್ತವೆ. ನಮ್ಮ ಕೊಟ್ಟಿಗೆಯಲ್ಲಿ ಮುರ್ರಾ ಎಮ್ಮೆಗಳೂ ಧಾರವಾಡಿ ಎಮ್ಮೆಗಳೂ ಇವೆ, ಮೇವು ಬಹುಪಾಲು ಭತ್ತದ ಹುಲ್ಲು. ಇಂಥ ಕೊಟ್ಟಿಗೆಯಲ್ಲಿ ಈ ವಸ್ತುಗಳನ್ನು ಕೊಟ್ಟು ನೋಡಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಓದುಗರಿಗೆ ಅನುಕೂಲ. ಕ್ಯಾಲ್ಸಿಯಂ ಲವಣದ ರೂಪದಲ್ಲಿರುವ ಬೈಪಾಸ್ ಕೊಬ್ಬಿನ (ಮೊದಲ ಹೊಟ್ಟೆಯಲ್ಲಿ ಬಿಚ್ಚಿಕೊಳ್ಳದೆ ದಾಟಿಹೋಗುವ ಕೊಬ್ಬಿನ) ಪುಡಿಯು, ದಿನಕ್ಕೆ ಎಂಟು ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಹಾಲು ಕೊಡುವ ಎಮ್ಮೆಗೆ, ಈಯುವ ಹತ್ತು-ಹದಿನೈದು ದಿನ ಮೊದಲಿನಿಂದ ಹಿಡಿದು ಈದ ಮೂರು ತಿಂಗಳವರೆಗೆ ಕೊಟ್ಟರೆ ಹಣಕ್ಕೆ ತಕ್ಕ ವಸ್ತುವೇ ಹೌದು. ಆದರೆ ಅದರ ಬೆಲೆಯನ್ನು ಅಳೆಯಬೇಕಾದದ್ದು ಎಮ್ಮೆಯ ಬೆನ್ನು-ಸೊಂಟದ ಮೇಲೆ ಉಳಿಯುವ ಮಾಂಸದಲ್ಲಿ ಮತ್ತು ಮುಂದಿನ ಬೆದೆ ಯಾವಾಗ ಬಂತು ಎಂಬುದರಲ್ಲಿ. ಮರುದಿನದ ಹಾಲಿನ ಕ್ಯಾನು ನೋಡಿ ಅಳೆಯುವವರಿಗೆ ಈ ಪುಡಿ ನಿರಾಸೆಯನ್ನೇ ತರುತ್ತದೆ.

ಈಯುವ ಕಾಲದಲ್ಲೇ ಶಕ್ತಿಯ ಪ್ರಶ್ನೆ ಇಷ್ಟು ತೀವ್ರವಾಗುವುದಕ್ಕೆ ಕಾರಣವಿದೆ. ಈಯುವ ಮೊದಲಿನ ಎರಡು-ಮೂರು ವಾರಗಳಲ್ಲಿ ಕರು ಹೊಟ್ಟೆಯ ಜಾಗವನ್ನು ಆಕ್ರಮಿಸಿಕೊಳ್ಳುವುದರಿಂದಲೂ ದೇಹದ ಹಾರ್ಮೋನುಗಳು ಬದಲಾಗುವುದರಿಂದಲೂ ಎಮ್ಮೆ ಮೇವು ತಿನ್ನುವುದನ್ನು ಕಡಿಮೆ ಮಾಡುತ್ತದೆ. ಈದ ಮೇಲೆ ಹಾಲು ಆರರಿಂದ ಎಂಟನೆಯ ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ಮೇವು ತಿನ್ನುವ ಪ್ರಮಾಣ ತುದಿ ಮುಟ್ಟುವುದು ಅದಕ್ಕಿಂತ ಕೆಲವು ವಾರ ತಡವಾಗಿ. ಈ ಅಂತರದ ದಿನಗಳಲ್ಲಿ ಎಮ್ಮೆ ತನ್ನ ಮೈಕೊಬ್ಬನ್ನೇ ಕರಗಿಸಿ ಹಾಲು ಮಾಡುತ್ತದೆ. ಏಳು ಶೇಕಡದ ಆಸುಪಾಸು ಕೊಬ್ಬಿರುವ ಎಮ್ಮೆಯ ಹಾಲಿಗೆ, ಲೀಟರಿಗೆ ಲೀಟರ್ ಹೋಲಿಸಿದರೆ, ಹಸುವಿನ ಹಾಲಿಗಿಂತ ಒಂದೂವರೆ ಪಟ್ಟಿನ ಹತ್ತಿರ ಶಕ್ತಿ ಬೇಕಾಗುತ್ತದೆ ಎಂಬುದನ್ನು ನೆನಪಿಟ್ಟರೆ, ಹತ್ತು ಲೀಟರ್ ಕರೆಯುವ ಮುರ್ರಾ ಎಮ್ಮೆಯ ಪಕ್ಕೆಲುಬುಗಳು ಈದ ತಿಂಗಳೊಳಗೆ ಏಕೆ ಎದ್ದು ಕಾಣುತ್ತವೆ ಎಂಬುದು ಅರ್ಥವಾಗುತ್ತದೆ.

ಇದಕ್ಕೆ ಸಾದಾ ಎಣ್ಣೆಯನ್ನೋ ತುಪ್ಪವನ್ನೋ ಕುಡಿಸಿದರೆ ಸಾಲದೇ ಎಂದು ಹಿರಿಯರು ಕೇಳುವುದುಂಟು. ಹಸಿ ಎಣ್ಣೆ ಹೆಚ್ಚಾದರೆ ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಮೊದಲನೆಯದಾದ ರೂಮೆನ್‌ನಲ್ಲಿ ಹುಲ್ಲನ್ನು ಒಡೆಯುವ ಸೂಕ್ಷ್ಮಜೀವಿಗಳ ಕೆಲಸ ಕುಂಠಿತವಾಗುತ್ತದೆ, ನಾರು ಜೀರ್ಣವಾಗುವುದಿಲ್ಲ, ಮೇವು ತಿನ್ನುವುದು ಇನ್ನಷ್ಟು ಇಳಿಯುತ್ತದೆ. ತಾಳೆ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಕ್ಯಾಲ್ಸಿಯಂ ಜೊತೆ ಬಂಧಿಸಿ ಮಾಡಿದ ಪುಡಿಯು ರೂಮೆನ್‌ನ ಸೌಮ್ಯ ಆಮ್ಲೀಯತೆಯಲ್ಲಿ ಬಹುಮಟ್ಟಿಗೆ ಬಿಚ್ಚಿಕೊಳ್ಳದೆ ಮುಂದೆ ಸಾಗಿ, ನಾಲ್ಕನೆಯ ಕೋಣೆಯ ತೀವ್ರ ಆಮ್ಲದಲ್ಲಿ ಬಿಚ್ಚಿಕೊಂಡು, ಸಣ್ಣ ಕರುಳಿನಲ್ಲಿ ಹೀರಲ್ಪಡುತ್ತದೆ. ಮೊದಲ ಹೊಟ್ಟೆಯನ್ನು ದಾಟಿಕೊಂಡು ಹೋಗುವುದರಿಂದಲೇ ಅದಕ್ಕೆ ಬೈಪಾಸ್ ಎಂಬ ಹೆಸರು ಬಂದಿದೆ.

ಇನ್ನು ಚೀಲದ ಮೇಲಿನ ಭರವಸೆಯನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಸಾಮಾನ್ಯವಾಗಿ ಹೇಳುವ ಪ್ರಮಾಣ ದಿನಕ್ಕೆ 100ರಿಂದ 200 ಗ್ರಾಂ. 150 ಗ್ರಾಂ ಪುಡಿಯಲ್ಲಿ ಕೊಬ್ಬು ಸುಮಾರು 125 ಗ್ರಾಂ ಇರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಕೊಬ್ಬು ಧಾನ್ಯದ ಪಿಷ್ಟಕ್ಕಿಂತ ಎರಡು ಪಟ್ಟಿಗೂ ಮೀರಿ ಶಕ್ತಿ ಕೊಡುತ್ತದೆ ನಿಜ. ಆದರೂ ಸ್ಥೂಲವಾಗಿ ಲೆಕ್ಕ ಹಾಕಿದರೆ ಆ 150 ಗ್ರಾಂನಿಂದ ದೊರೆಯುವ ಶಕ್ತಿ ಏಳು ಶೇಕಡ ಕೊಬ್ಬಿನ ಒಂದು ಲೀಟರ್ ಹಾಲಿಗೂ ಪೂರ್ತಿ ಸಾಲುವುದಿಲ್ಲ. ಹಾಗಿರುವಾಗ ದಿನಕ್ಕೆ ಎರಡು ಲೀಟರ್ ಹಾಲು ಏರುತ್ತದೆ ಎಂದು ಯಾರಾದರೂ ಹೇಳಿದರೆ, ಹಾಗೆ ಏರಿದರೂ ಸಹ, ಆ ಹಾಲು ಬಹುಪಾಲು ಎಮ್ಮೆಯ ಮೈಯಿಂದಲೇ ಬಂದಿರಬೇಕು. ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿದರೆ ಪುಡಿಯ ನಿಜವಾದ ಉಪಯೋಗ ಕಾಣುತ್ತದೆ: 150 ಗ್ರಾಂ ಪುಡಿ ತಿಂದ ದಿನ, ಹಾಲು ಇದ್ದಷ್ಟೇ ಇದ್ದರೆ, ಸರಿಸುಮಾರು ಅಷ್ಟೇ ತೂಕದಷ್ಟು ಮೈ ಕರಗದೆ ಉಳಿಯುತ್ತದೆ. ಎರಡು ತಿಂಗಳಲ್ಲಿ ಅದು ಎಂಟೊಂಬತ್ತು ಕೆ.ಜಿ. ಆಗುತ್ತದೆ. ಎಮ್ಮೆಯ ಸೊಂಟದ ಮೇಲೆ ಕೈಯಾಡಿಸುವವರಿಗೆ ಆ ವ್ಯತ್ಯಾಸ ಖಂಡಿತ ತಿಳಿಯುತ್ತದೆ.

ಅಷ್ಟೇ ಶಕ್ತಿಯನ್ನು ಸುಮಾರು 400 ಗ್ರಾಂ ಮೆಕ್ಕೆಜೋಳದ ನುಚ್ಚೂ ಕೊಡುತ್ತದೆ, ಅದೂ ಅರ್ಧಕ್ಕಿಂತ ಕಡಿಮೆ ಬೆಲೆಗೆ. ಯಲಬುರ್ಗಾ, ಕೊಪ್ಪಳ ಕಡೆಯ ರೈತರಿಗೆ ಮೆಕ್ಕೆಜೋಳ ಮನೆಯಲ್ಲೇ ಇರುತ್ತದೆ. ಹಾಗಾದರೆ ಪುಡಿ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ದಿನಕ್ಕೆ ಎರಡು-ಮೂರು ಕೆ.ಜಿ. ದಾಣಿ ತಿನ್ನುವ ಎಮ್ಮೆಗೆ ನಾನು ನುಚ್ಚನ್ನೇ ಶಿಫಾರಸು ಮಾಡುತ್ತೇನೆ. ಆದರೆ ಈಗಾಗಲೇ ಐದಾರು ಕೆ.ಜಿ. ದಾಣಿ ತಿನ್ನುತ್ತಿರುವ, ಹಸಿವು ಇನ್ನೂ ಸರಿಯಾಗಿ ಮರಳದ ಹೊಸ ಬಾಣಂತಿ ಎಮ್ಮೆಗೆ ಮತ್ತಷ್ಟು ಪಿಷ್ಟ ಸುರಿದರೆ ಹೊಟ್ಟೆ ಹುಳಿಯಾಗುತ್ತದೆ, ಸಗಣಿ ತೆಳುವಾಗುತ್ತದೆ, ಫ್ಯಾಟ್ ಬೀಳುತ್ತದೆ. ಹೊಟ್ಟೆಯಲ್ಲಿ ಜಾಗವೂ ಇಲ್ಲದ, ಹುಳಿಯನ್ನೂ ತಾಳಲಾರದ ಆ ಕೆಲವು ವಾರಗಳಿಗಾಗಿಯೇ ಈ ಪುಡಿ ಇರುವುದು. ಪ್ರಮಾಣ ಮೀರಿ ಕೊಟ್ಟರೆ ಇದೂ ಕೆಡುಕೇ; ಇಡೀ ದಿನದ ಆಹಾರದ ಒಣ ತೂಕದಲ್ಲಿ ಎಲ್ಲ ಬಗೆಯ ಕೊಬ್ಬು ಸೇರಿ ಆರೇಳು ಶೇಕಡ ದಾಟಬಾರದು.

ವಸ್ತುವಿನ ಗುಣದ ಬಗ್ಗೆ ಹೇಳುವುದಾದರೆ, ಕ್ಯಾಲ್ಸಿಯಂ ಲವಣದ ಪುಡಿ ನಸುಹಳದಿ ಬಣ್ಣದ್ದು, ಸಾಬೂನಿನಂಥ ಗಾಢ ವಾಸನೆಯದು. ಮೊದಲ ದಿನವೇ 150 ಗ್ರಾಂ ಹಾಕಿದರೆ ಎಮ್ಮೆ ಗೋದಲಿಗೆ ಮೂಗಿಟ್ಟು ಹಿಂದೆ ಸರಿಯುತ್ತದೆ. 30-40 ಗ್ರಾಂನಿಂದ ಶುರುಮಾಡಿ, ನೆನೆಸಿದ ಶೇಂಗಾ ಹಿಂಡಿಯಲ್ಲಿ ಚೆನ್ನಾಗಿ ಕಲಸಿ, ಬೇಕಾದರೆ ಸ್ವಲ್ಪ ಬೆಲ್ಲ ಸೇರಿಸಿ, ಒಂದು ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ಏರಿಸಿದರೆ ಒಪ್ಪಿಕೊಳ್ಳುತ್ತದೆ. ಈಯುವ ಮೊದಲೇ ಶುರುಮಾಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ: ಈದ ದಿನ ಹಸಿವೇ ಇಲ್ಲದ ಎಮ್ಮೆಗೆ ಹೊಸ ವಾಸನೆಯ ಪುಡಿಯನ್ನು ಪರಿಚಯಿಸಲು ಹೋದರೆ ಅದು ಹಿಂಡಿಯನ್ನೂ ಬಿಡುತ್ತದೆ.

ಚೀಲದ ಹಿಂಬದಿಯ ಚೀಟಿಯನ್ನು ಅಂಗಡಿಯಲ್ಲೇ ಓದಬೇಕು. ಒಟ್ಟು ಕೊಬ್ಬು 80ರಿಂದ 85 ಶೇಕಡ, ಕ್ಯಾಲ್ಸಿಯಂ 7ರಿಂದ 9 ಶೇಕಡ ಎಂದಿದ್ದರೆ ಅದು ಕ್ಯಾಲ್ಸಿಯಂ ಲವಣ. ಕೊಬ್ಬು 99 ಶೇಕಡ ಎಂದಿದ್ದು, ಸಣ್ಣ ಬಿಳಿ ಮಣಿಗಳಂತೆ, ಹೆಚ್ಚು ವಾಸನೆಯಿಲ್ಲದೆ ಇದ್ದರೆ ಅದು ಬೇರೆ ಜಾತಿಯ ಗಟ್ಟಿ ಕೊಬ್ಬು. ಈ ಎರಡನೆಯದನ್ನು ಎಮ್ಮೆ ಸುಲಭವಾಗಿ ತಿನ್ನುತ್ತದೆ, ಮತ್ತು ಅದರಲ್ಲಿ ಪಾಲ್ಮಿಟಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೆಚ್ಚಿದ್ದರೆ ಡೇರಿಯ ಯಂತ್ರದಲ್ಲಿ ಫ್ಯಾಟ್ ಬೇಗ ಏರುವುದೂ ಹೌದು. ಫ್ಯಾಟ್ ಮೇಲೆ ದರ ಸಿಗುವ ನಮ್ಮಂಥವರಿಗೆ ಅದು ಆಕರ್ಷಕವೇ. ಆದರೆ ಆ ಕೊಬ್ಬಿನ ಬಹುಪಾಲು ಹಾಲಿಗೇ ಹೋಗುವುದರಿಂದ, ಬಡಕಲಾದ ಎಮ್ಮೆಯ ಮೈ ತುಂಬಿಸುವ ಉದ್ದೇಶಕ್ಕೆ ನಾನು ಕ್ಯಾಲ್ಸಿಯಂ ಲವಣವನ್ನೇ ಆರಿಸುತ್ತೇನೆ. ಪೂರ್ಣ ಹೈಡ್ರೋಜನೀಕರಿಸಿದ ಕೊಬ್ಬು ಎಂದು ಬರೆದಿದ್ದರೆ ಕೊಳ್ಳಬೇಡಿ. ಅದು ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ಸಗಣಿಯಲ್ಲಿ ಹೊರಹೋಗುತ್ತದೆ. ಚೀಟಿಯಲ್ಲಿ ಕೊಬ್ಬಿನ ಪ್ರಮಾಣವನ್ನೇ ಬರೆಯದೆ, ಬರೀ ‘ಶಕ್ತಿವರ್ಧಕ’ ಎಂದಷ್ಟೇ ಇರುವ ಚೀಲಕ್ಕೆ ಎಷ್ಟೇ ರಿಯಾಯಿತಿ ಕೊಟ್ಟರೂ ಅದು ದುಬಾರಿಯೇ.

ಅಂಗಡಿಯಲ್ಲಿ ಸಿಗುವ ಇನ್ನೊಂದು ವಸ್ತುವಾದ ಪ್ರೊಪಿಲೀನ್ ಗ್ಲೈಕಾಲ್ ದ್ರಾವಣದ ದಾರಿ ಬೇರೆ. ಕೊಬ್ಬಿನಾಮ್ಲಗಳು ಎಮ್ಮೆಯ ದೇಹದಲ್ಲಿ ಗ್ಲೂಕೋಸ್ ಆಗಲಾರವು. ಹಾಲಿನ ಸಕ್ಕರೆಯನ್ನು ಕಟ್ಟಲು ಬೇಕಾದದ್ದು ಗ್ಲೂಕೋಸೇ. ಈ ದ್ರಾವಣ ಯಕೃತ್ತಿನಲ್ಲಿ ಗ್ಲೂಕೋಸ್ ಆಗಿ, ರಕ್ತದಲ್ಲಿ ಇನ್ಸುಲಿನ್ ಏರುವಂತೆ ಮಾಡುತ್ತದೆ. ಆದ್ದರಿಂದ ಈದ ಮೊದಲ ಒಂದೆರಡು ವಾರಗಳಲ್ಲಿ, ಎಮ್ಮೆ ಹಿಂಡಿ ಬಿಟ್ಟು ಬರೀ ಹುಲ್ಲು ಮೂಸುತ್ತಿದ್ದು, ಉಸಿರಿನಲ್ಲಿ ಅಥವಾ ಹಾಲಿನಲ್ಲಿ ವಿಚಿತ್ರ ಸಿಹಿ ವಾಸನೆ ಬರುತ್ತಿದ್ದು, ಪಶುವೈದ್ಯರು ಕೀಟೋಸಿಸ್ (ಮೈಕೊಬ್ಬು ಅತಿಯಾಗಿ ಕರಗುವುದರಿಂದ ಬರುವ ರೋಗ) ಎಂದು ಗುರುತಿಸಿದರೆ, ಅಲ್ಲಿ ಬೈಪಾಸ್ ಕೊಬ್ಬು ಉಪಯೋಗಕ್ಕೆ ಬರುವುದಿಲ್ಲ, ಈ ದ್ರಾವಣವೇ ಬೇಕು. ದಿನಕ್ಕೆ ಸುಮಾರು 300 ಮಿ.ಲೀ., ಕೆಲವೇ ದಿನ, ವೈದ್ಯರು ಹೇಳಿದಂತೆ. ಇದರ ದೊಡ್ಡ ತೊಂದರೆ ಕುಡಿಸುವುದರಲ್ಲಿದೆ. ಎಮ್ಮೆಗಳಿಗೆ ಇದರ ರುಚಿ ಹಿಡಿಸುವುದಿಲ್ಲ. ಗೊಟ್ಟದಿಂದ ಅವಸರದಲ್ಲಿ, ತಲೆಯನ್ನು ತೀರ ಮೇಲಕ್ಕೆತ್ತಿ ಸುರಿದರೆ ದ್ರಾವಣ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ತಲೆಯನ್ನು ನೆಲಕ್ಕೆ ಸಮವಾಗಿ ಹಿಡಿದು, ಬಾಯಿಯ ಪಕ್ಕದಿಂದ, ನುಂಗಲು ಬಿಡುವು ಕೊಟ್ಟು ಕುಡಿಸಬೇಕು. ರೋಗವಿಲ್ಲದ ಎಮ್ಮೆಗೆ ತಿಂಗಳಾನುಗಟ್ಟಲೆ ಇದನ್ನು ಕುಡಿಸುವ ರೂಢಿಗೆ ನನ್ನ ಒಪ್ಪಿಗೆಯಿಲ್ಲ.

ಕ್ಯಾಲ್ಸಿಯಂ ದ್ರಾವಣಗಳನ್ನು ಶಕ್ತಿಯ ಔಷಧಿ ಎಂದು ಮಾರುವುದುಂಟು. ಕ್ಯಾಲ್ಸಿಯಂ ಶಕ್ತಿ ಕೊಡುವುದಿಲ್ಲ. ಈಯುವ ಮೊದಲಿನ ವಾರಗಳಲ್ಲಿ ಅದನ್ನು ಧಾರಾಳವಾಗಿ ಕುಡಿಸಿದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ದೇಹದ ಸ್ವಂತ ವ್ಯವಸ್ಥೆ ಮಂದವಾಗಿ, ಈದ ಮೇಲೆ ಹಾಲು ಜ್ವರದ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ರೋಗದ, ಸಂಭವ ಹೆಚ್ಚುತ್ತದೆ.

ಈಗ ಬೆದೆಯ ವಿಚಾರ. ಪುಡಿಯ ಖರ್ಚು ಸಾರ್ಥಕವಾಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೈ ಕರಗುತ್ತಿರುವಾಗ ರಕ್ತದಲ್ಲಿ ಇನ್ಸುಲಿನ್ ಮತ್ತು ಗ್ಲೂಕೋಸ್ ಇಳಿಯುತ್ತವೆ. ಅಂಡಾಶಯಕ್ಕೆ ಅಂಡ ಬಿಡುಗಡೆ ಮಾಡಲು ಮಿದುಳಿನಿಂದ ಬರಬೇಕಾದ ಹಾರ್ಮೋನಿನ ಸಂಕೇತಗಳು ವಿರಳವಾಗುತ್ತವೆ. ಅಂಡಕೋಶ ಬೆಳೆದರೂ ಒಡೆಯದೆ ಅಲ್ಲಿಯೇ ಕುಗ್ಗುತ್ತದೆ. ಎಮ್ಮೆ ಮೊದಲು ತನ್ನ ಜೀವವನ್ನು, ನಂತರ ಕರುವಿನ ಹಾಲನ್ನು ನೋಡಿಕೊಂಡು, ಮುಂದಿನ ಗಬ್ಬವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಇದಕ್ಕಿಂತ ಮುಖ್ಯವಾದದ್ದೆಂದರೆ, ಈದ ಮೂರನೆಯ ತಿಂಗಳಲ್ಲಿ ಬಿಡುಗಡೆಯಾಗುವ ಅಂಡವು ಈಯುವ ಆಸುಪಾಸಿನ ದಿನಗಳಲ್ಲೇ ಬೆಳವಣಿಗೆ ಆರಂಭಿಸಿರುತ್ತದೆ. ಈದ ನಾಲ್ಕು ತಿಂಗಳಾದರೂ ಬೆದೆಗೆ ಬಂದಿಲ್ಲವೆಂದು ಆಗ ಪುಡಿಯ ಚೀಲ ಹೊತ್ತು ತರುವವರು, ನಾಟಿಯ ಹೊತ್ತಿಗೆ ಹಾಕಬೇಕಾದ ಗೊಬ್ಬರವನ್ನು ಕೊಯ್ಲಿನ ಹೊತ್ತಿಗೆ ಹಾಕಿದಂತೆ ಮಾಡುತ್ತಾರೆ.

ನಮ್ಮಲ್ಲಿ ಮಳೆಗಾಲದ ಕೊನೆಗೆ ಈದ ಮುರ್ರಾ ಎಮ್ಮೆಗಳು, ಈಯುವ ಮೊದಲಿನಿಂದ ಪುಡಿ ತಿಂದ ಸೂಲಿನಲ್ಲಿ ಮೂರನೆಯ ತಿಂಗಳ ಹೊತ್ತಿಗೆ ಬೆದೆಗೆ ಬಂದವು. ಅದರ ಹಿಂದಿನ ಸೂಲಿನಲ್ಲಿ ಅವೇ ಎಮ್ಮೆಗಳು ಐದಾರು ತಿಂಗಳು ಕಾಯಿಸಿದ್ದವು. ಇದೆಲ್ಲವೂ ಪುಡಿಯಿಂದಲೇ ಆಯಿತೆಂದು ಹೇಳುವುದು ನ್ಯಾಯವಲ್ಲ, ಏಕೆಂದರೆ ಎಮ್ಮೆ ಹಗಲು ಕಿರಿದಾಗುವ ಕಾಲದಲ್ಲಿ ಬೆದೆಗೆ ಬರುವ ಪ್ರಾಣಿ. ಸೆಪ್ಟೆಂಬರಿನಿಂದ ಫೆಬ್ರುವರಿಯವರೆಗೆ ಬೆದೆ ಚೆನ್ನಾಗಿ ಕಾಣುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುವಾಗ ಹೊಟ್ಟೆ ತುಂಬಿದ ಎಮ್ಮೆಯೂ ಬೆದೆಗೆ ಬರುವುದು ಅಪರೂಪ, ಬಂದರೂ ಅದು ಹೊರಗೆ ಲಕ್ಷಣ ಕಾಣದ ಮೂಕ ಬೆದೆ. ಆ ಕಾಲಕ್ಕೆ ನೆರಳು, ದಿನಕ್ಕೆರಡು ಬಾರಿ ಮೈಮೇಲೆ ನೀರು, ರಾತ್ರಿ ಹಸಿಮೇವು ಇವು ಯಾವ ಚೀಲಕ್ಕಿಂತಲೂ ಮೇಲು. ಎಮ್ಮೆಗಳು ಹಸುಗಳಂತೆ ಒಂದರ ಮೇಲೊಂದು ಹತ್ತುವುದು ಕಡಿಮೆ. ಲೋಳೆ, ಪದೇಪದೇ ಮೂತ್ರ, ಒರಲು, ದಿಢೀರನೆ ಇಳಿದ ಹಾಲು, ಇವನ್ನು ರಾತ್ರಿ ಮಲಗುವ ಮುನ್ನ ಮತ್ತು ನಸುಕಿನಲ್ಲಿ ನೋಡುವವರು ಮನೆಯಲ್ಲಿ ಇರದಿದ್ದರೆ, ಪುಡಿಯಿಂದ ಬಂದ ಬೆದೆಯೂ ಕಣ್ತಪ್ಪಿ ಹೋಗುತ್ತದೆ. ಸಂಜೆ ಕಂಡರೆ ಮರುದಿನ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಅದೇ ಸಂಜೆ ಕೃತಕ ಗರ್ಭಧಾರಣೆ ಮಾಡಿಸಬೇಕು.

ತುಂಗಭದ್ರಾ ಕಾಲುವೆಯ ಕೆಳಗಿರುವ ನಮಗೆ ಇನ್ನೊಂದು ತೊಡಕಿದೆ, ಅದನ್ನು ಯಾವ ಚೀಲವೂ ಹೇಳುವುದಿಲ್ಲ. ಭತ್ತದ ಹುಲ್ಲಿನಲ್ಲಿ ರಂಜಕ ತೀರ ಕಡಿಮೆ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರೀ ಭತ್ತದ ಹುಲ್ಲಿನ ಮೇಲೆ ಬೆಳೆದ ಎಮ್ಮೆ ಈದ ಕೆಲವೇ ವಾರಗಳಲ್ಲಿ ಕಾಫಿ ಬಣ್ಣದ ಮೂತ್ರ ಮಾಡಿದರೆ ಅದು ರಂಜಕದ ಕೊರತೆಯಿಂದ ರಕ್ತಕಣಗಳು ಒಡೆದದ್ದರ ಸೂಚನೆಯಾಗಿರಬಹುದು. ಅಂದೇ ಪಶುವೈದ್ಯರನ್ನು ಕರೆಸಬೇಕು, 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ಸಿಗುತ್ತದೆ. ರಂಜಕ ಇಳಿದಿರುವ ಎಮ್ಮೆಗೆ ಶಕ್ತಿಯ ಪುಡಿ ಎಷ್ಟೇ ಕೊಟ್ಟರೂ ಗಬ್ಬ ನಿಲ್ಲುವುದು ಕಷ್ಟ. ಹಾಗಾಗಿ ಭಾರತೀಯ ಮಾನಕದ ಐಎಸ್ 1664 ಗುರುತಿರುವ ಖನಿಜ ಮಿಶ್ರಣವನ್ನು ದಿನಕ್ಕೆ 50ರಿಂದ 100 ಗ್ರಾಂ ಕೊಡುವುದು ಮೊದಲ ಖರ್ಚು, ಬೈಪಾಸ್ ಕೊಬ್ಬು ಎರಡನೆಯ ಖರ್ಚು. ಹಣ ಒಂದಕ್ಕೇ ಸಾಲುವುದಾದರೆ ಖನಿಜ ಮಿಶ್ರಣವನ್ನೇ ತನ್ನಿ. ಜೋಳದ ಸೊಪ್ಪೆ, ಶೇಂಗಾ ಹೊಟ್ಟು ಸಿಗುವ ಒಣಬೇಸಾಯದ ಊರುಗಳವರು ಈ ವಿಷಯದಲ್ಲಿ ನಮಗಿಂತ ಅದೃಷ್ಟವಂತರು.

ಮನೆಯ ಪರ್ಯಾಯಗಳನ್ನು ಬಿಟ್ಟು ಈ ವಿಮರ್ಶೆ ಪೂರ್ಣವಾಗದು. ರಾಯಚೂರಿನಂಥ ಹತ್ತಿ ಮಾರುಕಟ್ಟೆ ಪಕ್ಕದಲ್ಲಿರುವಾಗ ಹತ್ತಿಕಾಳನ್ನು ಮರೆಯುವುದು ಸರಿಯಲ್ಲ. ಇಡಿಯ ಹತ್ತಿಕಾಳಿನಲ್ಲಿ ಹದಿನೆಂಟು-ಇಪ್ಪತ್ತು ಶೇಕಡ ಎಣ್ಣೆಯಿರುತ್ತದೆ, ಜೊತೆಗೆ ಪ್ರೋಟೀನೂ ನಾರೂ ಇರುತ್ತವೆ. ಸಿಪ್ಪೆಯೊಳಗಿನ ಎಣ್ಣೆ ನಿಧಾನವಾಗಿ ಹೊರಬರುವುದರಿಂದ ರೂಮೆನ್ ಅದನ್ನು ತಾಳಿಕೊಳ್ಳುತ್ತದೆ. ನೆನೆಸಿ ರುಬ್ಬಿ ಹಾಕಿದರೆ ಈ ಲಾಭ ಕಡಿಮೆಯಾಗುತ್ತದೆ. ದೊಡ್ಡ ಎಮ್ಮೆಗೆ ದಿನಕ್ಕೆ ಒಂದು ಕೆ.ಜಿ. ಸಾಕು, ಅದರಲ್ಲಿರುವ ಗಾಸಿಪಾಲ್ ಎಂಬ ವಿಷದ ಕಾರಣ ಕರುಗಳಿಗೆ ಕೊಡಬಾರದು. ಕಾರಟಗಿ, ಗಂಗಾವತಿಯ ಅಕ್ಕಿ ಗಿರಣಿಗಳ ಹಸಿ ತೌಡಿನಲ್ಲಿಯೂ ಎಣ್ಣೆಯಿದೆ, ರಂಜಕವೂ ಧಾರಾಳವಾಗಿದೆ. ಆದರೆ ಅದು ಕೆಲವೇ ದಿನಗಳಲ್ಲಿ ಕಮಟಾಗುತ್ತದೆ, ಮತ್ತು ಅದರ ಎಣ್ಣೆಗೆ ಯಾವ ರಕ್ಷಣೆಯೂ ಇಲ್ಲದ್ದರಿಂದ ಹೆಚ್ಚು ಸುರಿಯುವಂತಿಲ್ಲ. ಎಣ್ಣೆ ತೆಗೆದ ತೌಡಿನಲ್ಲಿ ಈ ಶಕ್ತಿ ಇರುವುದಿಲ್ಲ.

ದಿನಕ್ಕೆ ಮೂರ್ನಾಲ್ಕು ಲೀಟರ್ ಕೊಡುವ ಧಾರವಾಡಿ ಎಮ್ಮೆಗೆ ಹತ್ತಿಕಾಳು, ಖನಿಜ ಮಿಶ್ರಣ, ಒಳ್ಳೆಯ ಸೊಪ್ಪೆ ಇದ್ದರೆ ಬೈಪಾಸ್ ಪುಡಿಯ ಅಗತ್ಯವಿಲ್ಲ. 2021ರಲ್ಲಿ ಪ್ರತ್ಯೇಕ ತಳಿಯೆಂದು ಅಧಿಕೃತ ಮಾನ್ಯತೆ ಪಡೆದ ಈ ನಮ್ಮ ಎಮ್ಮೆ ಒಣಮೇವಿನಲ್ಲೇ ಮೈ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಧಾರವಾಡಿ ಎಮ್ಮೆಗಳಲ್ಲಿ ಪುಡಿ ಕೊಟ್ಟದ್ದಕ್ಕೂ ಕೊಡದ್ದಕ್ಕೂ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹಾಲು ಬತ್ತಿಸಿದ ಕಾಲದಲ್ಲಿ ಅತಿಯಾಗಿ ಕೊಬ್ಬಿದ ಎಮ್ಮೆಗೂ ಇದು ಬೇಡ. ತೀರ ಬಡಕಲಿಗೆ ಒಂದು, ತೀರ ದಪ್ಪಕ್ಕೆ ಐದು ಎಂದು ಮೈಯನ್ನು ಅಳೆಯುವ ಅಳತೆಯಲ್ಲಿ ಮೂರರಿಂದ ಮೂರೂವರೆಯಷ್ಟು ಮೈಯಿದ್ದು ಈಯುವುದು ಹಿತ, ಅದಕ್ಕಿಂತ ದಪ್ಪಗಿದ್ದ ಎಮ್ಮೆ ಈದ ಮೇಲೆ ತಿನ್ನುವುದನ್ನೇ ಕಡಿಮೆ ಮಾಡುತ್ತದೆ.

ಖರ್ಚಿನ ಲೆಕ್ಕ ಹೀಗಿದೆ. ಪುಡಿಗೆ ಕೆ.ಜಿ.ಗೆ 160 ರೂಪಾಯಿ ಎಂದು ಹಿಡಿದರೆ ದಿನಕ್ಕೆ 24 ರೂಪಾಯಿ, ನೂರು ದಿನಕ್ಕೆ 2,400 ರೂಪಾಯಿ. ಒಂದು ಬೆದೆ ತಪ್ಪಿದರೆ ಮುಂದಿನದಕ್ಕೆ 21 ದಿನ ಕಾಯಬೇಕು. ಎಮ್ಮೆಯ ಮೇವು-ಹಿಂಡಿಗೆ ದಿನಕ್ಕೆ 150 ರೂಪಾಯಿ ಎಂದು ಹಿಡಿದರೂ ಆ ಕಾಯುವಿಕೆಯ ಬೆಲೆ 3,150 ರೂಪಾಯಿ. ಪುಡಿ ಒಂದೇ ಒಂದು ಬೆದೆಯನ್ನು ಮುಂಚಿತವಾಗಿ ತಂದರೂ ಅದರ ಹಣ ಮರಳುತ್ತದೆ.

ಕೊಳ್ಳುವಾಗ 25 ಕೆ.ಜಿ. ಚೀಲ ಅಗ್ಗವೆನಿಸಿದರೂ, ಒಂದಿಬ್ಬರು ಸೇರಿ ಹಂಚಿಕೊಳ್ಳುವಂತಿದ್ದರೆ ಮಾತ್ರ ಅದನ್ನು ತನ್ನಿ. ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಚೀಲ ತೇವ ಹಿಡಿದು ಗಂಟುಕಟ್ಟುತ್ತದೆ, ಕಮಟು ವಾಸನೆ ಬಂದ ಪುಡಿಯನ್ನು ಎಮ್ಮೆ ಮುಟ್ಟುವುದೂ ಇಲ್ಲ. ಮುಚ್ಚಳದ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಇಡಬೇಕು, ತಯಾರಿಕೆಯ ತಿಂಗಳನ್ನು ನೋಡಿಯೇ ಹಣ ಕೊಡಬೇಕು. ಯಾವಾಗ ಕೊಳ್ಳಬೇಕೆಂಬುದಕ್ಕೆ ಗರ್ಭಧಾರಣೆ ಮಾಡಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರೆ ಸಾಕು. ಎಮ್ಮೆಯ ಗಬ್ಬದ ಅವಧಿ ಸರಾಸರಿ 310 ದಿನ. ಡಿಸೆಂಬರ್ 1ರಂದು ಗಬ್ಬ ನಿಂತ ಎಮ್ಮೆ ಅಕ್ಟೋಬರ್ 7ರ ಆಸುಪಾಸಿನಲ್ಲಿ ಈಯುತ್ತದೆ, ಅದಕ್ಕೆ ಸೆಪ್ಟೆಂಬರ್ 22ರ ಸುಮಾರಿಗೆ ಮೊದಲ ಹಿಡಿ ಪುಡಿ ಹಿಂಡಿಯಲ್ಲಿ ಬೀಳಬೇಕು.